ರೋಹಿದಾಸನ ರಷ್ಯನ್ ಅರ್ಥಗಾರಿಕೆ

ಶುಕ್ರವಾರ ಬೆಳಿಗ್ಗೆ ಎಂಟೂಕಾಲಿಗೆ ರೋಹಿದಾಸ ಫೋನಿನಲ್ಲಿ ಒಂದು ‘ಹ್ಞೂಂ’ ಅಂದ. ಆ ದಿನ ಅವನು ಮಾಡಿದ ತಪ್ಪು ಅದೊಂದೇ. ಉಳಿದದ್ದನ್ನೆಲ್ಲ ಆ ಹ್ಞೂಂ ತಾನೇ ನೋಡಿಕೊಂಡಿತು.

ಹ್ಞೂಂ ಅನ್ನುವುದು ಅವನಿಗೆ ಚಿಕ್ಕಂದಿನಲ್ಲೇ ಹತ್ತಿದ ಅಭ್ಯಾಸ. ಮೂಲ್ಕಿಯ ಮನೆಯಲ್ಲಿ ಅಜ್ಜ ದೀಪ ಹಚ್ಚಿದ ಮೇಲೆ ಕಾವ್ಯ ಓದಲು ಕೂರುತ್ತಿದ್ದರು. ಒಂದೊಂದು ಷಟ್ಪದಿ ಮುಗಿದಾಗಲೂ ಎದುರು ಕೂತ ಯಾರಾದರೊಬ್ಬರು ಹ್ಞೂಂ ಅನ್ನಲೇಬೇಕು. ಇಲ್ಲದಿದ್ದರೆ ಅಜ್ಜನ ರಾಗ ಮುಂದಕ್ಕೆ ಹೊರಡುತ್ತಿರಲಿಲ್ಲ, ಸ್ಟಾರ್ಟ್ ಆಗದ ಬಸ್ಸಿನ ಹಾಗೆ ಅಲ್ಲೇ ಗುರುಗುಡುತ್ತಿತ್ತು. ಆ ಹ್ಞೂಂಗುಟ್ಟುವ ಕೆಲಸ ಮೊಮ್ಮಗನದು. ಅರ್ಥವಾಗಲಿ ಬಿಡಲಿ, ಎಚ್ಚರವಿರಲಿ ತೂಕಡಿಸುತ್ತಿರಲಿ, ಎದುರಿನವರ ಸ್ವರ ಇಳಿಯಿತೆಂದರೆ ರೋಹಿದಾಸನ ಗಂಟಲಿನಿಂದ ಹ್ಞೂಂ ಹೊರಡುತ್ತಿತ್ತು. ಈ ವಿದ್ಯೆಯೊಂದರ ಬಲದಲ್ಲಿ ಅವನು ಕುವೈತಿನಲ್ಲಿ ಹನ್ನೊಂದು ವರ್ಷ ಯಾರ ಜೊತೆಗೂ ಜಗಳವಿಲ್ಲದೆ ಕಳೆದಿದ್ದ. ತಮ್ಮಿಬ್ಬರ ಮದುವೆ ನಿಶ್ಚಯವಾದದ್ದೂ ಹೀಗೆಯೇ ಎಂದು ಅವನ ಹೆಂಡತಿ ಮೋಹಿನಿ ಹೇಳುವುದುಂಟು.

ಆ ಬೆಳಿಗ್ಗೆ ಸಾಲ್ಮಿಯಾದ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅವನು ಕಾವ್ಯವಾಚನ ಕೇಳುತ್ತಿದ್ದ. ವಾರದ ರಜೆಯ ದಿನ ಕಣ್ಣು ಮುಚ್ಚಿ ಕೇಳುವ ಈ ಒಂದು ಗಂಟೆ ಅವನಿಗೆ ಪೂಜೆಗೆ ಸಮ. ಪದ್ಯದ ನಡುವೆ ಫೋನು ಗುಂಯ್‌ಗುಟ್ಟಿತು. ಕಂಪನಿಯ ಮುದೀರರು, ಅಂದರೆ ಮ್ಯಾನೇಜರು. ಅರಬ್ಬಿ, ಇಂಗ್ಲಿಷ್, ಹಿಂದಿ ಮೂರನ್ನೂ ಒಂದೇ ಮಿಕ್ಸಿಗೆ ಹಾಕಿ ತಿರುಗಿಸಿದಂತೆ ಮಾತಾಡುವವರು. ಅವರ ಸ್ವರ ಏರಿತು, ಏರಿತು, ಆಮೇಲೆ ಇಳಿಯಿತು. ಇಳಿದ ಕೂಡಲೇ ರೋಹಿದಾಸ, “ಹ್ಞೂಂ” ಅಂದ.

“ಮಾಶಾ ಅಲ್ಲಾ!” ಎಂದು ಮುದೀರರು ಕೂಗಿದ್ದಕ್ಕೆ ಅವನ ಕಣ್ಣು ತೆರೆಯಿತು. “ನಿನಗೆ ರಷ್ಯನ್ ಬರ್ತದಾ! ಇಷ್ಟು ವರ್ಷ ನನ್ನ ಹತ್ತಿರ ಮುಚ್ಚಿಟ್ಟೆಯಾ ರೋಹಿದಾಸ್?”

ಇಲ್ಲವೆನ್ನಲು ರೋಹಿದಾಸ ಬಾಯಿ ತೆರೆದ. ಅಷ್ಟರಲ್ಲಿ ಮುದೀರರ ಸ್ವರ ಮತ್ತೆ ಇಳಿದಿತ್ತು. ಗಂಟಲು ಯಜಮಾನನ ಅಪ್ಪಣೆ ಕೇಳಲಿಲ್ಲ. “ಹ್ಞೂಂ.”

“ಹಾಗಾದರೆ ಇವತ್ತು ಸಂಜೆ ನನ್ನ ಸಿನಿಮಾವನ್ನು ನಿನ್ನ ಜನರಿಗೆ ನಿನ್ನ ಭಾಷೆಯಲ್ಲಿ ನೀನೇ ಹೇಳು. ಖಲಾಸ್!” ಫೋನು ಇಟ್ಟಾಯಿತು.

ಆ ಕಟ್ಟಡದಲ್ಲಿ ಕರಾವಳಿಯವರದ್ದೇ ಹದಿನಾಲ್ಕು ಮನೆ. ತಿಂಗಳಿಗೊಮ್ಮೆ ನೆಲಮಾಳಿಗೆಯ ಹಾಲಿನಲ್ಲಿ ಕುಟುಂಬ ಕೂಟ ಸೇರಿ ಒಂದು ಸಿನಿಮಾ ನೋಡುವುದು ವಾಡಿಕೆ. ಈ ಸಲ ಮುಖ್ಯ ಅತಿಥಿಯಾಗಿ ಮುದೀರರನ್ನು ಕರೆದವನು ರೋಹಿದಾಸನೇ. ಬರುತ್ತೇನೆ, ಆದರೆ ಸಿನಿಮಾ ನನ್ನದೇ ಎಂದಿದ್ದರು ಅವರು. ಸಿರಿಯಾದವರಾದ ಮುದೀರರು ನಲವತ್ತು ವರ್ಷದ ಹಿಂದೆ ರಷ್ಯಾದಲ್ಲಿ ಇಂಜಿನಿಯರಿಂಗ್ ಓದಿದವರು. ಅಲ್ಲಿನ ಹಾಸ್ಟೆಲಿನ ಗೋಡೆಯ ಮೇಲೆ ನೋಡಿ ಅತ್ತಿದ್ದ ಒಂದು ಕಪ್ಪು ಬಿಳುಪು ಚಿತ್ರವನ್ನು ಯಾರೋ ಹಳೆಯ ಸಹಪಾಠಿ ಈಗ ಪೆನ್‌ಡ್ರೈವಿನಲ್ಲಿ ಕಳಿಸಿದ್ದನಂತೆ. ಸಿನಿಮಾ ಮಾತಾಡಲು ಕಲಿತ ಹೊಸತರಲ್ಲಿ ತೆಗೆದದ್ದು. ಹೆಸರು ಬರುವ ಭಾಗವೇ ಹರಿದುಹೋಗಿದೆ, ಅಡಿಯಲ್ಲಿ ಇಂಗ್ಲಿಷ್ ಅಕ್ಷರವೂ ಇಲ್ಲ.

ಮೋಹಿನಿ ಗೋಳಿಬಜೆಯ ಹಿಟ್ಟು ಕಲಸುತ್ತಿದ್ದ ಕೈಯಲ್ಲೇ ಹೊರಗೆ ಬಂದಳು. “ಎಂತ ಆಯ್ತು? ಮುಖ ಯಾಕೆ ಹಾಗೆ ಮಾಡಿಕೊಂಡಿದ್ದೀರಿ?”

“ನನಗೆ ರಷ್ಯನ್ ಬರ್ತದೆ,” ಅಂದ ರೋಹಿದಾಸ.

“ಯಾವಾಗಿಂದ?”

“ಎಂಟೂಕಾಲಿನಿಂದ.”

ವಿಷಯ ಕೇಳಿ ಮೋಹಿನಿ ಅಲ್ಲೇ ಕುರ್ಚಿಯಲ್ಲಿ ಕೂತಳು. “ಈಗಲೇ ಫೋನ್ ಮಾಡಿ ಇಲ್ಲ ಅಂತ ಹೇಳಿ ಮಾರಾಯ್ರೆ.”

“ಹೇಳಿದ್ರೆ ಸಾಲ್ಮಿಯಾ ಹೋಯ್ತು.”

ಅದು ನಿಜ. ರೋಹಿದಾಸ ಸಬ್ಹಾನಿನಲ್ಲಿರುವ ನಲ್ಲಿ-ಕಮೋಡುಗಳ ಗೋದಾಮಿನ ಸ್ಟೋರ್ ಕೀಪರ್. ಕಂಪನಿಯ ಬಸ್ಸು ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಬರುತ್ತದೆ. ಊರೆಲ್ಲ ಸುತ್ತಿ ಆಳುಗಳನ್ನು ಹತ್ತಿಸಿಕೊಂಡು ಹೋಗುತ್ತದೆ, ಹಾಗೆಯೇ ಸುತ್ತಿ ಇಳಿಸಿಕೊಂಡು ಬರುತ್ತದೆ. ಅವನು ಹೊರಡುವಾಗ ಮಗಳು ಅಕ್ಷಿತಾ ಎದ್ದಿರುವುದಿಲ್ಲ, ಬರುವಾಗ ಮಲಗಿರುತ್ತಾಳೆ. ಎರಡನೇ ಕ್ಲಾಸಿನಲ್ಲಿ ಅಪ್ಪನ ಬಗ್ಗೆ ಐದು ವಾಕ್ಯ ಬರೆಯಲು ಹೇಳಿದಾಗ ಅವಳು ಮೊದಲ ವಾಕ್ಯ ಬರೆದದ್ದು, ನಮ್ಮ ಅಪ್ಪ ಶುಕ್ರವಾರ ಬರುತ್ತಾರೆ, ಎಂದು. ಟೀಚರು ಅದಕ್ಕೆ ಸರಿ ಗುರುತು ಹಾಕಿದ್ದರು.

ಈಗ ಕಂಪನಿಯ ಹೊಸ ಶೋರೂಮು ಸಾಲ್ಮಿಯಾದಲ್ಲೇ ತೆರೆಯಲಿತ್ತು. ಮನೆಯಿಂದ ಏಳು ನಿಮಿಷದ ನಡಿಗೆ. ಮಗಳನ್ನು ಶಾಲೆಯ ಬಸ್ಸಿಗೆ ಹತ್ತಿಸಿ, ಚಹಾ ಕುಡಿದು ಹೋದರೂ ಹೊತ್ತಾಗದು. ಅಲ್ಲಿಗೆ ಯಾರನ್ನು ಹಾಕುವುದೆಂದು ಭಾನುವಾರ ಮುದೀರರು ಹೇಳುವವರಿದ್ದರು. ಮುದೀರರಿಗೆ ಸಹಿಸಲಾಗದ ಸಂಗತಿ ಜಗತ್ತಿನಲ್ಲಿ ಒಂದೇ, ಸುಳ್ಳು. ಹೋದ ತಿಂಗಳು ಒಬ್ಬಾತ ಫೋರ್ಕ್‌ಲಿಫ್ಟ್ ಓಡಿಸಲು ಬರುತ್ತದೆ ಎಂದು ಹೇಳಿ ಅದನ್ನು ಐವತ್ತು ಕಮೋಡುಗಳ ಮೇಲೆ ಹತ್ತಿಸಿದ. ಕಮೋಡು ಹೋದರೆ ಹೋಗಲಿ, ಬರುತ್ತದೆ ಎಂದನಲ್ಲ, ಎಂದು ಮುದೀರರು ಮರುವಾರವೇ ಅವನನ್ನು ಊರಿನ ವಿಮಾನ ಹತ್ತಿಸಿದ್ದರು.

“ಒಮ್ಮೆ ಹ್ಞೂಂ ಅಂದಾಗಿದೆ,” ಅಂದ ರೋಹಿದಾಸ, ಲುಂಗಿ ಎತ್ತಿ ಕಟ್ಟುತ್ತ. “ಇನ್ನು ಸಂಜೆಯೊಳಗೆ ರಷ್ಯನ್ ಬರಬೇಕು. ಅಷ್ಟೆ.”

ಮೊದಲು ಅವನು ಫೋನಿಗೆ ಅನುವಾದದ ಆ್ಯಪ್ ಹಾಕಿಕೊಂಡ. ಯೂಟ್ಯೂಬಿನಲ್ಲಿ ಯಾವುದೋ ಹಳೆಯ ಗರಗರ ದನಿಯ ರಷ್ಯನ್ ಭಾಷಣ ಹಚ್ಚಿ ಪರೀಕ್ಷೆ ಮಾಡಿದ. ಆ್ಯಪು ಸ್ವಲ್ಪ ಯೋಚಿಸಿ, ‘ನನ್ನ ಬಾತುಕೋಳಿ ಸರಕಾರಿ ಗುಮಾಸ್ತ’ ಎಂದು ಬರೆಯಿತು. ರೋಹಿದಾಸ ಅದನ್ನು ಆ ಕ್ಷಣವೇ ಅಳಿಸಿದ.

ಅಷ್ಟರಲ್ಲಿ ಬಾಗಿಲು ಬಡಿಯಿತು. ಎದುರು ಮನೆಯ ಹರ್ಬರ್ಟ್, ಕೂಟದ ಅಧ್ಯಕ್ಷ. ಮುಖ ಹಬ್ಬದ ದಿನದ ಇಗರ್ಜಿಯ ಹಾಗೆ ಬೆಳಗುತ್ತಿತ್ತು.

“ಎಂತ ರೋಹಿದಾಸಣ್ಣ, ಹತ್ತು ವರ್ಷ ಎದುರು ಮನೆಯಲ್ಲಿದ್ದು ನಮಗೆ ಗೊತ್ತೇ ಮಾಡಲಿಲ್ಲ ನೀವು! ನಿಮ್ಮ ಮುದೀರ್ ಈಗ ಫೋನ್ ಮಾಡಿದ್ರು. ಎಲ್ಲ ಹೇಳಿದ್ರು.”

“ಹರ್ಬರ್ಟ್ ಪೊರ್ಬುಗಳೇ, ಅದು ಹಾಗಲ್ಲ...”

“ಸುಮ್ಮನೆ ನಾಚಿಕೆ ಬೇಡ. ಪೋಸ್ಟರ್ ಆಗ್ಲೇ ಗ್ರೂಪಿಗೆ ಹಾಕಿಯಾಯ್ತು. ನೋಡಿ.”

ಪೋಸ್ಟರಿನಲ್ಲಿ ‘ಕನ್ನಡ ನಿರೂಪಣೆ: ರಷ್ಯನ್ ವಿದ್ವಾನ್ ಶ್ರೀ ರೋಹಿದಾಸ’ ಎಂದಿತ್ತು. ಅವನ ಸಿವಿಲ್ ಐಡಿಯ ಫೋಟೋವನ್ನೇ ಕತ್ತರಿಸಿ ಅಂಟಿಸಿದ್ದರಿಂದ ಪೊಲೀಸರು ಹುಡುಕುತ್ತಿರುವ ವಿದ್ವಾಂಸನಂತೆ ಕಾಣುತ್ತಿದ್ದ. ಅದರಡಿಯಲ್ಲಿ ಆಗಲೇ ಇಪ್ಪತ್ತೆರಡು ಚಪ್ಪಾಳೆ ಬಿದ್ದಿತ್ತು.

“ಇನ್ನೊಂದು ಖುಷಿಯ ಸಂಗತಿ ಉಂಟು,” ಹರ್ಬರ್ಟ್ ಹತ್ತಿರ ಬಂದು ಹೇಳಿದ. “ನನ್ನ ತಂಗಿಯ ಮಗ ಡಾಕ್ಟರ್ ಆಲ್ರೊಯ್ ಮೊನ್ನೆ ಬಂದಿದ್ದಾನೆ. ಆರು ವರ್ಷ ರಷ್ಯಾದಲ್ಲೇ ಎಂಬಿಬಿಎಸ್. ರಷ್ಯನ್ ಅಂದ್ರೆ ಅವನಿಗೆ ನೀರು ಕುಡಿದ ಹಾಗೆ. ಮುಂದಿನ ಸಾಲಲ್ಲೇ ಕೂರಿಸ್ತೇನೆ. ನೀವು ಹೇಳಿದ್ದರಲ್ಲಿ ಒಂದು ಅಕ್ಷರ ಹೆಚ್ಚು ಕಮ್ಮಿ ಆದ್ರೂ ಅವನಿಗೆ ಗೊತ್ತಾಗ್ತದೆ!”

ರೋಹಿದಾಸನ ಎದೆ ಧಸಕ್ಕೆಂದಿತು. ಆದರೆ ಹರ್ಬರ್ಟ್ ಮೆಟ್ಟಿಲು ಇಳಿದು ಹೋದ ಅರ್ಧ ನಿಮಿಷಕ್ಕೆ ಅದೇ ಎದೆಯಲ್ಲಿ ದೀಪ ಹತ್ತಿತು. ರಷ್ಯನ್ ಬಲ್ಲವನು ಎದುರು ಮನೆಯಲ್ಲೇ ಇದ್ದಾನೆ! ಇವನು ಅಂಗಿ ಸಿಕ್ಕಿಸಿಕೊಂಡು ಎದುರು ಬಾಗಿಲಿಗೆ ಹೋದ.

ಹರ್ಬರ್ಟನ ಹೆಂಡತಿ ಇಸಾಬೆಲ್ ಬಾಗಿಲು ತೆರೆದಳು. “ಆಲ್ರೊಯ್? ಬಾತ್‌ರೂಮಲ್ಲಿದ್ದಾನೆ. ಆಗ ಆ ಪೋಸ್ಟರ್ ನೋಡಿದವ ಒಳಗೆ ಹೋದದ್ದು, ಇನ್ನೂ ಬರಲಿಲ್ಲ. ಹೊಟ್ಟೆ ಸರಿ ಇಲ್ಲವಂತೆ ಪಾಪ.”

ರೋಹಿದಾಸ ಬಾತ್‌ರೂಮಿನ ಬಾಗಿಲಿಗೆ ಬಾಯಿ ಹಚ್ಚಿ ಮೆಲ್ಲಗೆ, “ಡಾಕ್ಟ್ರೇ, ಸಂಜೆಯ ಸಿನಿಮಾಕ್ಕೆ ನಿರೂಪಣೆ ನೀವೇ ಮಾಡಿದ್ರೆ ಚೆನ್ನಾಗಿರ್ತದೆ. ನಿಮ್ಮ ಎದುರು ನಾನೆಲ್ಲಿ?” ಅಂದ.

ಒಳಗಿನಿಂದ ಗಾಬರಿಯ ದನಿ ಬಂತು. “ನೋ ನೋ ಅಂಕಲ್! ನಾನು ಹುಟ್ಟಿ ಬೆಳೆದದ್ದೆಲ್ಲ ಕುವೈತಲ್ಲಿ. ಮೈ ಕನ್ನಡ ಈಸ್ ವೆರಿ ಬ್ಯಾಡ್. ಸ್ಟೇಜಲ್ಲಿ ಮಾತಾಡ್ಲಿಕ್ಕೆ ಆಗುದಿಲ್ಲ.”

“ಹಾಗಾದ್ರೆ ಒಂದು ಉಪಕಾರ. ನನ್ನ ಪಕ್ಕದಲ್ಲಿ ಕೂತು ಕಿವಿಯಲ್ಲಿ ಇಂಗ್ಲಿಷಲ್ಲಿ ಹೇಳಿ. ಕನ್ನಡ ನಾನು ಮಾಡ್ತೇನೆ. ನನಗೆ ರಷ್ಯನ್ ಸ್ವಲ್ಪ... ತುಕ್ಕು ಹಿಡಿದಿದೆ.”

ಒಳಗೆ ನಲ್ಲಿಯ ನೀರು ನಿಂತಿತು. ಆಮೇಲೆ, “ಓಕೆ ಅಂಕಲ್,” ಎಂದು ಸಣ್ಣ ದನಿ ಬಂತು. “ಸಿನಿಮಾ ಎಷ್ಟು ಲಾಂಗ್ ಉಂಟು?”

ರೋಹಿದಾಸ ಗೆದ್ದವನಂತೆ ಮನೆಗೆ ಬಂದ. ಮಧ್ಯಾಹ್ನ ಊಟಕ್ಕೆ ಎರಡು ಸೌಟು ಹೆಚ್ಚು ಅನ್ನ ಬಡಿಸಿಕೊಂಡ. ದೇವರ ಫೋಟೋದ ಮುಂದೆ ನಿಂತು ಕೈ ಮುಗಿದ. “ನಾನಾಗಿ ಸುಳ್ಳು ಹೇಳಲಿಲ್ಲ ಸ್ವಾಮಿ. ಗಂಟಲು ಹೇಳಿತು. ಒಂದೂವರೆ ಗಂಟೆ ದಾಟಿಸು.”

ಸಂಜೆ ಐದೂವರೆಗೆ ನೆಲಮಾಳಿಗೆಯ ಹಾಲು ತುಂಬಿತು. ಬಿಳಿ ಬೆಡ್‌ಶೀಟಿನ ಪರದೆ, ಪ್ಲಾಸ್ಟಿಕ್ ಕುರ್ಚಿ, ಹಿಂದಿನ ಮೇಜಿನಲ್ಲಿ ಮೋಹಿನಿಯ ಗೋಳಿಬಜೆ, ಇಸಾಬೆಲಳ ಕೇಕು. ಮುದೀರರ ಕಾರು ಓಡಿಸಿಕೊಂಡು ಬಂದವನು ಸೈದು. ರೋಹಿದಾಸನ ಗೋದಾಮಿನಲ್ಲೇ ಸಹಾಯಕ, ಉಪ್ಪಿನಂಗಡಿ ಕಡೆಯ ಬ್ಯಾರಿ. ಅರ್ದಿಯಾದ ರೂಮಿನಲ್ಲಿ ಊರಿನ ಆರು ಮಂದಿಯ ಜೊತೆ ಇರುವವನು.

“ಎಂತ ರೋಹಿದಾಸಣ್ಣ,” ಸೈದು ಕಿವಿಯಲ್ಲಿ ಕೇಳಿದ, “ನಿಮಗೆ ರಷ್ಯನ್ ಬರ್ತದಂತೆ? ದಾರಿಯಲ್ಲಿ ಮುದೀರ್ ನನ್ನ ಹತ್ರವೂ ಕೇಳಿದ್ರು. ನಾನು ಅರಬ್ಬಿಯೇ ಸರಿ ಬರುದಿಲ್ಲ, ಇನ್ನು ರಷ್ಯನ್ ಎಲ್ಲಿಂದ ಅಂತ ಹೇಳಿಬಿಟ್ಟೆ. ಹಿಂದೆ ಕುರ್ಚಿ ಉಂಟಾ? ಒಂದು ಗಳಿಗೆ ನಿದ್ದೆ ಮಾಡ್ತೇನೆ.”

ಮುದೀರರು ನೇರ ರೋಹಿದಾಸನ ಬಳಿಗೆ ಬಂದರು. ಎರಡೂ ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ಒಂದು ಉದ್ದನೆಯ ರಷ್ಯನ್ ವಾಕ್ಯ ಹೇಳಿದರು.

ರೋಹಿದಾಸ, ಅಜ್ಜನ ಓದಿನಲ್ಲಿ ಕರುಣ ರಸದ ಪದ್ಯ ಬಂದಾಗ ಮಾಡುತ್ತಿದ್ದಂತೆ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ತಲೆಯನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತೂಗಿದ.

ಮುದೀರರ ಕಣ್ಣು ಒದ್ದೆಯಾಯಿತು. “ಸರಿಯಾಗಿ ಹೇಳಿದೆ,” ಎಂದರು. “ಇದಕ್ಕೆ ಮಾತಿನ ಉತ್ತರ ಇಲ್ಲ.”

ಹರ್ಬರ್ಟ್ ಆಲ್ರೊಯ್‌ನನ್ನು ಮುಂದಕ್ಕೆ ನೂಕಿದ. “ಸರ್, ಇವನಿಗೂ ಬರ್ತದೆ! ಮಾತಾಡು ಆಲ್ರೊಯ್!” ತೆಳ್ಳಗೆ ಬೆಳ್ಳಗಿದ್ದ ಡಾಕ್ಟರು ಮತ್ತಷ್ಟು ಬೆಳ್ಳಗಾದ. “ದಾ, ದಾ,” ಅಂದ, ಅಂದರೆ ಹೌದು ಹೌದು. ಮುದೀರರೂ ಸಂತೋಷದಿಂದ, “ದಾ, ದಾ!” ಅಂದರು. ಅಷ್ಟರಲ್ಲಿ ದೀಪ ಆರಿತು.

ಪರದೆಯ ಮೇಲೆ ಹಿಮ ಬೀಳತೊಡಗಿತು. ಹಿಮವೋ, ಹಳೆಯ ರೀಲಿನ ಚುಕ್ಕಿಯೋ ತಿಳಿಯುವಂತಿರಲಿಲ್ಲ. ಒಂದು ರೈಲು ಸ್ಟೇಷನ್ನು. ಶಾಲು ಹೊದ್ದ ಒಬ್ಬ ಹೆಂಗಸು ಒಂದು ಜೊತೆ ಬೂಟು ಒರೆಸುತ್ತ ಏನೋ ಹೇಳಿದಳು. ಮೈಕು ಹಿಡಿದ ರೋಹಿದಾಸ ಪಕ್ಕಕ್ಕೆ ವಾಲಿದ.

“ಡಾಕ್ಟ್ರೇ, ಎಂತ ಹೇಳಿದ್ದು?”

ಆಲ್ರೊಯ್ ಗಂಭೀರವಾಗಿ ಕೇಳಿಸಿಕೊಂಡು, “ಶೀ ಈಸ್ ಸ್ಯಾಡ್, ಅಂಕಲ್,” ಅಂದ.

“ಅದು ಕಾಣ್ತದೆ. ಹೇಳಿದ್ದೆಂತ?”

“ದಟ್ ಶೀ ಈಸ್... ಸ್ಯಾಡ್.”

ದಪ್ಪ ಮೀಸೆಯ, ತುಪ್ಪಳದ ಟೋಪಿಯ ಗಂಡಸೊಬ್ಬ ಬಂದು ಎರಡು ನಿಮಿಷ ಕೂಗಾಡಿದ. “ಇವ?” “ಹೀ ಈಸ್ ಆಲ್ಸೋ ಸ್ಯಾಡ್, ಅಂಕಲ್. ಬಟ್ ಆ್ಯಂಗ್ರಿ.” ಕುದುರೆಯೊಂದು ಹಾದು ಹೋಯಿತು. ಯಾರೂ ಕೇಳದಿದ್ದರೂ ಆಲ್ರೊಯ್, “ಹಾರ್ಸ್,” ಅಂದ. ಮರುಕ್ಷಣ ಅವನ ಫೋನು ಬೆಳಗಿತು. “ಹಾಸ್ಪಿಟಲ್ ಕಾಲ್, ವೆರಿ ಅರ್ಜೆಂಟ್,” ಎಂದು ಅವನು ಬಗ್ಗಿಕೊಂಡು ಕತ್ತಲಲ್ಲಿ ಮಾಯವಾದ. ರಜೆಗೆ ಬಂದ ಡಾಕ್ಟರಿಗೆ ಕುವೈತಿನ ಯಾವ ಆಸ್ಪತ್ರೆ ಫೋನು ಮಾಡಿತು ಎಂದು ಯೋಚಿಸಲು ರೋಹಿದಾಸನಿಗೆ ಸಮಯವಿರಲಿಲ್ಲ. ಎಪ್ಪತ್ತು ಜೋಡಿ ಕಣ್ಣು ಅವನ ಕಡೆ ತಿರುಗಿತ್ತು. ಮುಂದಿನ ಸಾಲಿನಿಂದ ಮುದೀರರು, “ಯಲ್ಲಾ, ಶುರು ಮಾಡು ರೋಹಿದಾಸ್,” ಅಂದರು.

ಮೈಕು ಬೆವರಿತು. ಆದರೆ ಅವನೊಳಗೆ ಎಲ್ಲೋ ಅಜ್ಜನ ಕಾಲದ ತಾಳಮದ್ದಳೆಯ ರಾತ್ರಿಗಳು ಮಗ್ಗುಲು ಬದಲಿಸಿದವು. ಭಾಗವತರು ಒಂದು ಪದ ಹೇಳಿದರೆ ಅರ್ಥಧಾರಿ ಅರ್ಧ ಗಂಟೆ ಮಾತಾಡುತ್ತಾನೆ. ಆ ಮಾತೆಲ್ಲ ಪದದಲ್ಲಿ ಇತ್ತೇ? ಅರ್ಥಧಾರಿಯ ಹೊಟ್ಟೆಯಲ್ಲಿತ್ತು. ರೋಹಿದಾಸ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

“ಕೇಳಿದಿರಾ ಮಹಾಜನಗಳೇ,” ಎಂದು ಎತ್ತಿಕೊಂಡ. “ಈ ತಾಯಿ ಹೇಳುತ್ತಿದ್ದಾಳೆ: ಯಾರ ಬೂಟು ಇದು? ನನ್ನ ಗಂಡನದು. ಕಾಲು ಹೋಗಿದೆ ದೂರದೇಶಕ್ಕೆ, ಬೂಟು ಉಳಿದಿದೆ ಮನೆಯಲ್ಲಿ. ಯಾತಕ್ಕೆ ಒರೆಸುತ್ತೇನೆ? ಬಂದಾಗ ಧೂಳಿರಬಾರದೆಂದು. ಬರುತ್ತಾನೆಯೇ? ಅದನ್ನು ಬೂಟು ಹೇಳಬೇಕು!”

ಹಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಪರದೆಯ ಮೇಲೆ ಹೆಂಗಸು ಒಂದು ಶಬ್ದ ಆಡಿದರೆ ರೋಹಿದಾಸ ಮೂರು ನಿಮಿಷ ಹೇಳಿದ. ಮೀಸೆಯವನು ಐದು ನಿಮಿಷ ಕೈ ಬೀಸಿ ಕೂಗಾಡಿದಾಗ ಏನೂ ತೋಚದೆ, “ಆಗುವುದಿಲ್ಲ, ಅಂದ,” ಎಂದು ಮುಗಿಸಿದ. ಮುದೀರರು ತಿರುಗಿ ಹುಬ್ಬೇರಿಸಿದರು. “ಅವಳು ಒಂದೇ ಮಾತು ಹೇಳಿದ್ದಲ್ಲವಾ? ನೀನು ಇಷ್ಟುದ್ದ ಹೇಳಿದೆ?”

“ಮುದೀರ್, ನಮ್ಮ ಭಾಷೆಯಲ್ಲಿ ಹೆಂಗಸರ ಒಂದು ಮಾತಿಗೆ ಇಷ್ಟು ಅರ್ಥ ಉಂಟು,” ಅಂದ ರೋಹಿದಾಸ. ಮುದೀರರಿಗೆ ಮನೆಯ ನೆನಪಾಗಿರಬೇಕು, ತಲೆದೂಗಿ ತಿರುಗಿ ಕೂತರು.

ಅರ್ಧ ಸಿನಿಮಾದ ಹೊತ್ತಿಗೆ ತುಪ್ಪಳದ ಟೋಪಿಯವನು ಹಿಮದಲ್ಲಿ ಕಣ್ಣು ಮುಚ್ಚಿ ಬಿದ್ದ. ಅವನು ಸತ್ತನೆಂದು ರೋಹಿದಾಸ ತೀರ್ಮಾನಿಸಿ ಬಿಟ್ಟ. ನಾಲ್ಕು ನಿಮಿಷ ವಿಲಾಪ ಮಾಡಿಸಿದ. ಇಸಾಬೆಲ್, “ಸಾಯ್ಬಾ ಭೊಗಸ್, ದೇವರೇ ಕ್ಷಮಿಸು,” ಎಂದು ಶಿಲುಬೆಯ ಗುರುತು ಮಾಡಿ ಮೂಗು ಒರೆಸಿಕೊಂಡಳು. ಆಗ ಸತ್ತವನು ಎದ್ದು, ಬಟ್ಟೆ ಕೊಡವಿಕೊಂಡು, ಹಿತ್ತಾಳೆಯ ಹಂಡೆಯಂಥದ್ದರಿಂದ ಚಹಾ ಬಗ್ಗಿಸಿಕೊಂಡು ಕುಡಿದ.

ಹಾಲು ಗುಜುಗುಜು ಅಂದಿತು. “ರೋಹಿದಾಸಣ್ಣ, ಸತ್ತವ ಚಹಾ ಕುಡಿತಾನಲ್ಲ?” ಎಂದು ಹರ್ಬರ್ಟ್ ಕೇಳಿಯೇಬಿಟ್ಟ.

“ಇವನು ತಮ್ಮ!” ರೋಹಿದಾಸ ಮೈಕಿನಲ್ಲಿ ಗುಡುಗಿದ. “ಅವಳಿ. ಅಣ್ಣ ಹೊರಗೆ ಹಿಮದಲ್ಲಿ ತಣ್ಣಗಾಗಿರುವಾಗ ಒಳಗೆ ಬಿಸಿ ಚಹಾ ಕುಡಿಯುವ ತಮ್ಮ! ಇಂಥ ತಮ್ಮಂದಿರು ನಮ್ಮಲ್ಲಿ ಇಲ್ಲವೇ?”

ಹಿಂದಿನ ಸಾಲಿನಲ್ಲಿ ಇಬ್ಬರು ಅಣ್ಣಂದಿರು ಜೋರಾಗಿ ಹೌದು ಹೌದು ಅಂದರು. ದೇವರ ದಯೆ, ಅಂಥದ್ದೇ ಟೋಪಿ, ಅಂಥದ್ದೇ ಮೀಸೆಯ ಇನ್ನೊಬ್ಬ ಬಾಗಿಲಲ್ಲಿ ಕಾಣಿಸಿಕೊಂಡ. “ಇವ ಯಾರು?” “ದಾಯಾದಿ,” ಅಂದ ರೋಹಿದಾಸ, ಈಗ ಹೆದರಿಕೆ ಪೂರ್ತಿ ಬಿಟ್ಟು.

ಕೊನೆಯ ಭಾಗ ಬಂತು. ನಸುಕಿನ ಕತ್ತಲು. ಟೋಪಿಯವನು ಒಂದು ಮಂಚದ ಬಳಿ ನಿಂತಿದ್ದ. ಮಂಚದ ಮೇಲೆ ಒಂದು ಮಗು ಮಲಗಿತ್ತು. ಅವನು ಏನೋ ಎರಡು ಮಾತು ಪಿಸುಗುಟ್ಟಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡು, ಹಿಮದಲ್ಲಿ ರೈಲಿನ ಕಡೆ ನಡೆಯತೊಡಗಿದ. ಇಷ್ಟು ಹೊತ್ತು ಹಾರಾಡುತ್ತಿದ್ದ ರೋಹಿದಾಸನ ದನಿ ತಗ್ಗಿತು. ಈ ಸಲ ಅವನು ಏನನ್ನೂ ಕಟ್ಟಬೇಕಾಗಿರಲಿಲ್ಲ.

“ಮಗಳೇ, ಎಬ್ಬಿಸುವುದಿಲ್ಲ,” ಅಂದ. “ಎಬ್ಬಿಸಿದರೆ ನೀನು ಅಳುತ್ತೀ, ನಾನು ಹೋಗಲಾರೆ. ನಾನು ಬರುವ ಹೊತ್ತಿಗೆ ನೀನು ಹೀಗೇ ಮಲಗಿರುತ್ತೀ. ನೀನು ಬೆಳೆಯುವುದನ್ನು ನಾನು ಹೊದಿಕೆಯ ಮೇಲಿನಿಂದಲೇ ಅಳೆಯುತ್ತಿದ್ದೇನೆ. ಹೋದ ವರ್ಷ ಕಾಲು ಮಂಚದ ಅರ್ಧಕ್ಕಿತ್ತು. ಈಗ ಮುಕ್ಕಾಲಿಗೆ ಬಂದಿದೆ. ಹೊತ್ತಾಯಿತು, ಸಬ್ಹಾನಿನ ಬಸ್ಸು ಬಂತು.”

ಕತ್ತಲಲ್ಲಿ ಯಾರೋ ಮೆಲ್ಲಗೆ, “ರಷ್ಯಾದಲ್ಲಿ ಸಬ್ಹಾನ್ ಉಂಟಾ?” ಎಂದರು.

“ಎಲ್ಲ ದೇಶದಲ್ಲೂ ಒಂದು ಸಬ್ಹಾನ್ ಇರ್ತದೆ,” ಅಂದ ರೋಹಿದಾಸ.

ದೀಪ ಹತ್ತಿದಾಗ ಹಾಲಿನಲ್ಲಿ ಅರ್ಧ ಜನ ಕರವಸ್ತ್ರ ಹುಡುಕುತ್ತಿದ್ದರು. ಮೋಹಿನಿ ಗೋಳಿಬಜೆಯ ತಟ್ಟೆಯ ಹಿಂದೆ ಮುಖ ಮರೆಮಾಡಿಕೊಂಡಿದ್ದಳು. ಸೈದು ಮಾತ್ರ ಗೋಡೆಗೆ ತಲೆ ಕೊಟ್ಟು ಗೊರಕೆ ಹೊಡೆಯುತ್ತಿದ್ದ. ಎಲ್ಲಿಂದಲೋ ಆಲ್ರೊಯ್ ಮರಳಿ ಬಂದು ಬಾಗಿಲಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ.

ಮುದೀರರು ಎದ್ದು ಬಂದು ರೋಹಿದಾಸನನ್ನು ಬಿಗಿಯಾಗಿ ಅಪ್ಪಿಕೊಂಡರು. ಮೈಕು ತೆಗೆದುಕೊಂಡು ತಮ್ಮ ಮೂರು ಭಾಷೆಯಲ್ಲಿ ಹೇಳಿದರು: “ನಲವತ್ತು ವರ್ಷದಲ್ಲಿ ನನ್ನ ರಷ್ಯನ್ ಅರ್ಧ ಮರೆತೇ ಹೋಗಿದೆ. ನಿಮ್ಮ ಭಾಷೆ ನನಗೆ ಒಂದಕ್ಷರ ಗೊತ್ತಿಲ್ಲ. ಆದರೆ ನೀವು ಅತ್ತ ಜಾಗದಲ್ಲೇ ನಾನೂ ಅತ್ತೆ. ಅಂದ ಮೇಲೆ ಇವನು ಹೇಳಿದ್ದು ಸರಿ.” ಆಮೇಲೆ ಕೋಟಿನ ಒಳಜೇಬಿನಿಂದ ಒಂದು ಲಕೋಟೆ ತೆಗೆದರು. “ಭಾನುವಾರದ ತನಕ ಕಾಯುವುದು ಯಾಕೆ? ಸಾಲ್ಮಿಯಾ ಶೋರೂಮಿನ ಕಾಗದ ಇದು. ಗುರುವಾರವೇ ಸಹಿ ಮಾಡಿದ್ದೆ. ಹೆಸರು, ರೋಹಿದಾಸ್.”

ಹಾಲು ಚಪ್ಪಾಳೆಯಿಂದ ತುಂಬಿತು. ಮೋಹಿನಿ ಅಕ್ಷಿತಾಳನ್ನು ಎತ್ತಿಕೊಂಡೇ ಬಿಟ್ಟಳು. ರೋಹಿದಾಸ ಎರಡೂ ಕೈ ಚಾಚಿದ.

ಮುದೀರರು ಲಕೋಟೆಯನ್ನು ಅವನ ಕಣ್ಣೆದುರೇ ನಾಲ್ಕು ತುಂಡು ಮಾಡಿದರು.

“ಇಂಥ ಮನುಷ್ಯನನ್ನು ನಲ್ಲಿ ಮಾರಲು ಕೂರಿಸುವುದು ಪಾಪ!” ಎಂದರು ಹೆಮ್ಮೆಯಿಂದ. “ಅಬ್ದಲಿಯಲ್ಲಿ ನಮ್ಮ ಹೊಸ ಪೈಪಿನ ಕೆಲಸ ಶುರುವಾಗ್ತಾ ಉಂಟು. ಇರಾಕ್ ಗಡಿಯ ಹತ್ತಿರ. ಉಜ್ಬೆಕಿಸ್ತಾನದಿಂದ ನಲವತ್ತು ವೆಲ್ಡರ್‌ಗಳು ಬರ್ತಾರೆ. ಅವರಿಗೆ ಅರಬ್ಬಿ ಇಲ್ಲ, ಇಂಗ್ಲಿಷ್ ಇಲ್ಲ, ರಷ್ಯನ್ ಒಂದೇ. ಒಂದು ತಿಂಗಳಿಂದ ಜನ ಹುಡುಕಿ ಸಾಕಾಗಿತ್ತು. ನೋಡಿದರೆ ನನ್ನ ಗೋದಾಮಿನಲ್ಲೇ ಇದ್ದಾನೆ! ರೋಹಿದಾಸ್ ಇನ್ನು ಅಲ್ಲಿನ ಉಸ್ತುವಾರಿ. ಅಲ್ಲೇ ಕ್ಯಾಬಿನ್, ಅಲ್ಲೇ ಊಟ. ತಿಂಗಳಿಗೆ ಎರಡು ಶುಕ್ರವಾರ ಮನೆಗೆ ಬರಬಹುದು.”

ರೋಹಿದಾಸನ ಜೀವಮಾನದಲ್ಲೇ ಮೊದಲ ಬಾರಿಗೆ ಎದುರಿನವರ ಸ್ವರ ಇಳಿದಾಗ ಅವನ ಗಂಟಲಿನಿಂದ ಸದ್ದು ಹೊರಡಲಿಲ್ಲ. ಆಮೇಲೆ ಹೊರಟದ್ದು ಸತ್ಯ.

“ಮುದೀರ್, ನನಗೆ ರಷ್ಯನ್ ಬರುದಿಲ್ಲ! ದೇವರಾಣೆ ಒಂದಕ್ಷರ ಬರುದಿಲ್ಲ. ಬೆಳಿಗ್ಗೆ ಸುಮ್ಮನೆ ಹ್ಞೂಂ ಅಂದದ್ದು. ಈಗ ಹೇಳಿದ್ದೆಲ್ಲ ನಾನೇ ಕಟ್ಟಿದ್ದು. ನನ್ನನ್ನು ಊರಿಗೆ ಬೇಕಾದ್ರೆ ಕಳಿಸಿ!”

ಮುದೀರರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನೋಡಿ, ಎಷ್ಟು ವಿನಯ! ದೊಡ್ಡ ವಿದ್ವಾಂಸರು ಹೀಗೇ ಹೇಳುವುದು.”

“ನಂಬಿಕೆ ಇಲ್ಲದಿದ್ರೆ ಡಾಕ್ಟ್ರನ್ನು ಕೇಳಿ!” ರೋಹಿದಾಸ ಆಲ್ರೊಯ್‌ನ ಕೈ ಹಿಡಿದು ಎಳೆದು ತಂದ. “ಆರು ವರ್ಷ ರಷ್ಯಾದಲ್ಲಿದ್ದವರು. ಹೇಳಿ ಡಾಕ್ಟ್ರೇ, ನಾನು ಹೇಳಿದ್ದು ಪೂರಾ ತಪ್ಪಲ್ವಾ?”

ಆಲ್ರೊಯ್ ಮುದೀರರನ್ನು ನೋಡಿದ. ಎದೆಯುಬ್ಬಿಸಿ ನಿಂತಿದ್ದ ಮಾವ ಹರ್ಬರ್ಟನನ್ನು ನೋಡಿದ. ಎಪ್ಪತ್ತು ಜನರನ್ನೂ ನೋಡಿದ. ಆಮೇಲೆ ಸ್ಪಷ್ಟವಾಗಿ ಹೇಳಿದ: “ಸರ್, ವರ್ಡ್ ಟು ವರ್ಡ್ ಕರೆಕ್ಟ್. ಅಂಕಲ್‌ನ ರಷ್ಯನ್ ನನಗಿಂತ ಬೆಟರ್. ಲಿಟರರಿ ರಷ್ಯನ್.”

“ಖಲಾಸ್!” ಎಂದು ಮುದೀರರು ಚಪ್ಪಾಳೆ ತಟ್ಟಿದರು. “ಇನ್ನು ಸಾಲ್ಮಿಯಾಕ್ಕೆ ಒಬ್ಬ ಬೇಕಲ್ಲ. ಆ ಸೈದುವನ್ನು ಎಬ್ಬಿಸಿ. ಬರುದಿಲ್ಲ ಎಂದು ನೇರ ಹೇಳುವ ಮನುಷ್ಯ ಅವನು. ಭಾನುವಾರದಿಂದ ಶೋರೂಮಿನಲ್ಲಿ ಅವನೇ.”

ವಿಷಯ ತಿಳಿದ ಸೈದು ಅಳುವಂತಾದ. “ಎಂತ ಮಾಡಿಬಿಟ್ರಿ ರೋಹಿದಾಸಣ್ಣ! ನನ್ನ ರೂಮು ಅರ್ದಿಯಾದಲ್ಲಿ. ದಿನಾ ಎರಡು ಬಸ್ಸು ಹಿಡಿದು ಈ ಸಾಲ್ಮಿಯಾಕ್ಕೆ ಬರ್ಬೇಕಾ ನಾನು? ನನಗೆ ಬೇಡ ಅಂತ ನೀವಾದ್ರೂ ಹೇಳಬಾರದಿತ್ತಾ?”

ಕಾರು ಹೊರಡುವಾಗ ಮುದೀರರು ಗಾಜು ಇಳಿಸಿ ರೋಹಿದಾಸನನ್ನು ಕರೆದರು. “ಮರೆತಿದ್ದೆ. ವೆಲ್ಡರ್‌ಗಳ ಮೊದಲ ತಂಡ ನಾಳೆ ಬೆಳಿಗ್ಗೆ ಏರ್‌ಪೋರ್ಟಲ್ಲಿ ಇಳೀತದೆ. ನೀನೇ ಹೋಗಿ ಕರಕೊಂಡು ಬಸ್ಸಲ್ಲಿ ಅಬ್ದಲಿಗೆ ಹೊರಡು. ಸ್ವಾಗತಕ್ಕೆ ಎರಡು ಒಳ್ಳೆಯ ಮಾತು ಹೇಳು. ಇವತ್ತಿನ ಹಾಗೆ, ಹೃದಯದಿಂದ.”

ಕಾರು ಹೋಯಿತು. ಮೆಟ್ಟಿಲ ಬಳಿ ಮೋಹಿನಿ, ಅವಳ ಹೆಗಲ ಮೇಲೆ ಅಕ್ಷಿತಾ, ಇಬ್ಬರೂ ಅವನನ್ನೇ ನೋಡುತ್ತಿದ್ದರು. ಆಲ್ರೊಯ್ ಗೋಡೆಯ ನೆರಳಿನಲ್ಲಿ ತಲೆ ತಗ್ಗಿಸಿ ನಿಂತಿದ್ದ.

“ಸಾರಿ, ಅಂಕಲ್. ವೆರಿ ಸಾರಿ. ನಮ್ಮ ಕಾಲೇಜು ಫುಲ್ ಇಂಗ್ಲಿಷ್ ಮೀಡಿಯಂ. ಹಾಸ್ಟೆಲಲ್ಲಿ ಎಲ್ಲ ಕೇರಳದವರೇ. ಆರು ವರ್ಷದಲ್ಲಿ ನಾನು ಮಲಯಾಳಂ ಕಲಿತದ್ದು. ಮಾಮನಿಗೆ ಗೊತ್ತಾದ್ರೆ ಹಾರ್ಟ್ ಅಟ್ಯಾಕ್ ಆಗ್ತದೆ.”

ರೋಹಿದಾಸ ಅವನ ಹೆಗಲ ಮೇಲೆ ಕೈಯಿಟ್ಟ. ಬೈಯಲಿಲ್ಲ.

“ರಷ್ಯನ್ ಅಂತ ಏನೂ ಬರುದಿಲ್ವಾ?”

“ಒಂದೇ ಸೆಂಟೆನ್ಸ್ ಬರ್ತದೆ, ಅಂಕಲ್. ಡ್ರೈವರ್, ಬಸ್ ಇಲ್ಲಿ ನಿಲ್ಲಿಸಿ, ಅಂತ.”

ರೋಹಿದಾಸ ಅಂಗಿಯ ಜೇಬಿನಿಂದ ಪೆನ್ನು ತೆಗೆದ. ನೆಲದ ಮೇಲೆ ಬಿದ್ದಿದ್ದ ಒಂದು ಕಾಗದದ ತಟ್ಟೆಯನ್ನು ಎತ್ತಿ, ಹಿಂಭಾಗವನ್ನು ಪ್ಯಾಂಟಿಗೆ ಒರೆಸಿ, ಮೊಣಕಾಲ ಮೇಲೆ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತ.

“ನಿಧಾನಕ್ಕೆ ಹೇಳಿ ಡಾಕ್ಟ್ರೇ,” ಅಂದ. “ಬರೆದುಕೊಳ್ತೇನೆ.”